ಫಕ್ಕೀರವ್ವನ ಹಸಿದ ಕೌದಿ

ಶಿಗ್ಗಾಂವದ ಫಕ್ಕೀರವ್ವ ಪರದೇಶದ ಸಾಹೇಬನೊಬ್ಬನನ್ನು ಮನೆಯಿಂದ ಹೊರಗೆ ಕಳಿಸಿ ಕಾಲು ತೊಳೆಸಿದ್ದು ಏಳು ವರ್ಷದ ಹಿಂದಿನ ಮಾತು. ಓಣಿಯವರು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಮಾರ್ಟಿನ್ ಎಂಬ ಆ ಜರ್ಮನಿಯ ಸಾಹೇಬ ಜಾನಪದದ ಅಭ್ಯಾಸಕ್ಕೆಂದು ಹತ್ತಿರದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಬಂದಿದ್ದ. ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವವರನ್ನು ಹುಡುಕುತ್ತ ಒಂದು ಮಧ್ಯಾಹ್ನ ಅವಳ ಮನೆ ಮುಟ್ಟಿದ. ಎರೆಮಣ್ಣು ಮೆತ್ತಿದ ಬೂಟಿನ ಸಮೇತ ಹೊಸ್ತಿಲು ದಾಟಿ, ನಡುಮನೆಯಲ್ಲಿ ಹಾಸಿದ್ದ ಅರ್ಧ ಹೊಲಿದ ಕೌದಿಯ ಮೇಲೆ ನಿಂತು, "ನಮಸ್ಕಾರ್ರಿ ಅವ್ವಾರ" ಎಂದ. ಅವನ ಹಿಂದೆ ಬಂದಿದ್ದ ಓಣಿಯ ಗಂಡಸರಿಗೆ ಸಾಹೇಬನ ಬಾಯಲ್ಲಿ ಕನ್ನಡ ಕೇಳಿ ಹಿಗ್ಗೋ ಹಿಗ್ಗು. ಫಕ್ಕೀರವ್ವನ ಕಣ್ಣು ಮಾತ್ರ ಬೂಟಿನ ಮೇಲಿತ್ತು.

"ಕನ್ನಡ ಛಲೋ ಐತಿ ತಮ್ಮಾ. ಮೊದಲ ಹೊರಗ ಹೋಗು, ಬೂಟ ಕಳಿ, ಕಾಲ ತೊಳಕೊಂಡು ಬಾ," ಎಂದಳು.

ಪಕ್ಕದ ಮನೆಯ ಮಹಾಂತೇಶನಿಗೆ ಜೀವ ಬಾಯಿಗೆ ಬಂತು. "ಯವ್ವಾ, ಪರದೇಶದವರು. ಅವರಿಗೇನ್ ತಿಳೀಬೇಕು? ಬಿಡಬೇ."

"ತಿಳೀದಿದ್ರ ಹೇಳಬೇಕು. ಹೇಳದ ಬಿಡೂದು ಮರ್ಯಾದಿ ಅಲ್ಲ, ಅವನ್ನ ಕೂಸು ಅಂತ ತಿಳಕೊಂಡಂಗ. ಇಂವ ಕೂಸೇನ? ಮೀಸಿ ಬಂದಾವ."

ಮಾರ್ಟಿನ್ ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದ. ತೊಟ್ಟಿಯ ನೀರಿನಲ್ಲಿ ಕಾಲು ತೊಳೆದ, ಹಿಮ್ಮಡಿ ಬಿಟ್ಟಿದ್ದನೆಂದು ಎರಡನೇ ಸಲವೂ ತೊಳೆಯಬೇಕಾಯಿತು. ಒಳಗೆ ಬಂದವನಿಗೆ ಅವಳು ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಆಮೇಲೆ ಮೂರು ತಿಂಗಳು ಅವನು ಆ ಮನೆಗೆ ಬರುತ್ತಲೇ ಇದ್ದ, ಉಣ್ಣುತ್ತಲೇ ಇದ್ದ, ಬರೆದುಕೊಳ್ಳುತ್ತಲೇ ಇದ್ದ. ಬೂಟಿನ ವಿಷಯ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ಫಕ್ಕೀರವ್ವ ಹುಟ್ಟಿದ್ದು ಹಾನಗಲ್ ತಾಲೂಕಿನಲ್ಲಿ. ಹದಿನೇಳಕ್ಕೆ ಲಗ್ನವಾಗಿ ಶಿಗ್ಗಾಂವಕ್ಕೆ ಬಂದಳು. ಗಂಡ ನೀಲಪ್ಪ ಬಜಾರದ ದಲಾಲಿ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲನಾಗಿದ್ದ. ಅವನು ಇಳಿಸಿದ ಚೀಲಗಳ ಕಾಳು ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಅವಳೂ ಕುಳಿತಳು. ನಲವತ್ತು ವರ್ಷ ಕಡಲೆ, ಹೆಸರು, ತೊಗರಿ ಕೇರಿದಳು. ಹೊಸದಾಗಿ ಬಂದ ಗುಮಾಸ್ತನೊಬ್ಬ ಅವಳನ್ನು ಚಿಟಿಕೆ ಹೊಡೆದು ಕರೆದಾಗ ಮೊರವನ್ನು ಅವನ ಮೇಜಿನ ಮೇಲಿಟ್ಟು, "ನೀನ ಹಸನ ಮಾಡು" ಎಂದು ಎದ್ದುಹೋಗಿದ್ದಳು. ಸಾಲಿನ ಹನ್ನೊಂದು ಹೆಂಗಸರೂ ಅವಳ ಹಿಂದೆ ಎದ್ದರು. ಮಾರನೆಯ ದಿನ ಗುಮಾಸ್ತ ತಾನೇ ಬಂದು ಹೆಸರು ಹಿಡಿದು, ರೀ ಹಚ್ಚಿ ಕರೆದ. ನೀಲಪ್ಪ ತೀರಿಕೊಂಡ ಮೇಲೂ, ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿದ ಮೇಲೂ ಅವಳ ಈ ಗುಣ ಒಂದು ಗುಂಜಿಯಷ್ಟೂ ಇಳಿಯಲಿಲ್ಲ. ಈಗ ಅವಳಿಗೆ ಅರವತ್ತೊಂದು.

ಮಧ್ಯಾಹ್ನದ ಹೊತ್ತು ಕೌದಿ ಹೊಲಿಯುವುದು ಅವಳ ತಾಯಿಯಿಂದ ಬಂದದ್ದು. ತಾಯಿ ಕಲಿಸಿದ ಒಂದು ಕಟ್ಟಳೆಯನ್ನು ಫಕ್ಕೀರವ್ವ ಒಮ್ಮೆಯೂ ಮುರಿದವಳಲ್ಲ. ಕೌದಿಯನ್ನು ಪೂರ್ತಿ ಹೊಲಿದು ಮುಗಿಸುವಂತಿಲ್ಲ, ಒಂದು ಕಡೆ ಗೇಣಷ್ಟು ಬಾಯಿ ಬಿಡಬೇಕು. ಯಾರು ಅದನ್ನು ಹೊದೆಯುತ್ತಾರೋ ಅವರ ಮನೆಗೆ ಒಯ್ಯಬೇಕು. ಆ ಮನೆಯ ಒಲೆಯ ಮೇಲೆ ಅವತ್ತು ಆದದ್ದು ಏನೇ ಇರಲಿ, ಮನೆಯವರು ಅದರ ಒಂದು ತುತ್ತನ್ನು ಕೌದಿಯ ಬಾಯಿಗೆ ಇಡಬೇಕು. ಆಮೇಲೆಯೇ ಬಾಯಿ ಹೊಲಿಯುವುದು. ಹೊಲಿದವಳು ಅಲ್ಲೇ ಉಂಡು ಬರಬೇಕು. ಹಸಿದ ಕೌದಿ ಕೊಟ್ಟರೆ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ, ಹೊಲಿದವಳ ಕೈ ಶುದ್ಧ ಉಳಿಯುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಮಾರ್ಟಿನ್ ಇದನ್ನೆಲ್ಲ ನಾಲ್ಕು ಪುಟ ಬರೆದುಕೊಂಡು ಹೋಗಿದ್ದ.

ಹಾಗೆ ಹೋದವನು ಕಳೆದ ವರ್ಷ ಪತ್ರ ಬರೆದ. ತನ್ನ ಊರಿನ ಮ್ಯೂಸಿಯಂನಲ್ಲಿ ಜಗತ್ತಿನ ಹೊದಿಕೆಗಳ ಪ್ರದರ್ಶನ ಇದೆ, ಅವ್ವಾರು ಒಂದು ಕೌದಿ ಹೊಲಿದು ತರಬೇಕು, ಹದಿನೈದು ದಿನ ಇರಬೇಕು, ಜನರ ಮುಂದೆ ಹೊಲಿದು ತೋರಿಸಬೇಕು ಎಂದಿತ್ತು ಪತ್ರದಲ್ಲಿ. ಬಜಾರದಲ್ಲಿ ಸುದ್ದಿಯೇ ಸುದ್ದಿ. ಫಕ್ಕೀರವ್ವ ಮೊದಲು ಬಟ್ಟೆ ಕೂಡಿಸಲು ಹೊರಟಳು. ಹಾನಗಲ್ಲಿನ ಅಣ್ಣನ ಮನೆಯಿಂದ ಇಳಕಲ್ ಸೀರೆಯ ಸೆರಗು ತಂದಳು. ಹಿರೇಕೆರೂರಿನ ಮಗಳು ಗಂಡನ ಹಳೇ ಧೋತರ ಕೊಟ್ಟಳು. ಸವಣೂರಿನ ಮರಿಯಮಬಿ, ಕಾಳು ಹಸನು ಮಾಡುವ ಸಾಲಿನ ಹಳೆಯ ಗೆಳತಿ, ತನ್ನ ಲಗ್ನದ ಹಸಿರು ದುಪಟ್ಟಿಯನ್ನೇ ಕತ್ತರಿಸಿ ಕೊಟ್ಟಳು. ನಾಲ್ಕು ತಿಂಗಳು ಹೊಲಿದಳು. ಗೇಣು ಬಾಯಿ ಬಿಟ್ಟು, ದಬ್ಬಣವನ್ನು ಅಲ್ಲೇ ಸಿಕ್ಕಿಸಿ ಮಡಚಿಟ್ಟಳು. ಉಣಿಸುವವರು ಅಲ್ಲಿಯವರು, ಅಲ್ಲೇ ಉಣಿಸಲಿ ಎಂದು.

ಅವಳ ಜೊತೆ ಹೋಗಲು ಹುಬ್ಬಳ್ಳಿಯ ಸಂಸ್ಥೆಯೊಂದು ತನುಜಾಳನ್ನು ನೇಮಿಸಿತು. ತನುಜಾ ರಟ್ಟೀಹಳ್ಳಿಯ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಓದಿದವಳು, ಒಳ್ಳೆಯವಳು, ಆದರೆ ಎಲ್ಲಿ ಏನು ತಪ್ಪುತ್ತದೋ ಎಂಬ ಭಯದಲ್ಲೇ ಉಸಿರಾಡುವವಳು. ಪರದೇಶದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಇಪ್ಪತ್ತೆರಡು ನಿಯಮಗಳ ಕಾಗದವನ್ನು ಅಚ್ಚು ಹಾಕಿಸಿ ತಂದಿದ್ದಳು. ಫಕ್ಕೀರವ್ವ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೂ ಓದಿಸಿದಳು. ಒಂದೊಂದಕ್ಕೂ ಒಂದೇ ಪ್ರಶ್ನೆ. "ಇದು ಅವರ ರೀತೀನೋ, ನೀ ಮಾಡಿದ್ದೋ?"

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ಅವರದು. ಕೆಂಪು ದೀಪ ಇದ್ದಾಗ ರಸ್ತೆ ಖಾಲಿ ಇದ್ದರೂ ದಾಟಬಾರದು. ಅವರದು. ಗುರುತಿಲ್ಲದವರ ವಯಸ್ಸು, ಮಕ್ಕಳೆಷ್ಟು ಎಂದು ಕೇಳಬಾರದು. ಅವರದು. ಹಣೆಯ ಮೇಲಿನ ವಿಭೂತಿ ಸ್ವಲ್ಪ ಸಣ್ಣದಿರಲಿ. ತನುಜಾ ತಡವರಿಸಿದಳು. ಕೈಯಿಂದ ಊಟ ಮಾಡಬಾರದು. ಮತ್ತೆ ತಡವರಿಸಿದಳು. ಕರೆದವರು ಹೇಳಿದ್ದಕ್ಕೆ ಎಂದೂ ಒಲ್ಲೆ ಎನ್ನಬಾರದು.

"ಇದೂ ನಿಂದ ಹೌದಲ್ಲ?"

"ಹೌದ್ರಿ ಅವ್ವಾರ. ಆದ್ರ ನಮ್ಮ ಒಳ್ಳೇದಕ್ಕ ಬರದೇನ್ರಿ."

ಎಣಿಸಿದರೆ ಹದಿನಾಲ್ಕು ಅವರವು, ಎಂಟು ತನುಜಾಳವು. "ಅವರ ಹದಿನಾಲ್ಕು ನಾ ಪಾಲಸ್ತೇನಿ. ಒಂದು ತಪ್ಪಿದ್ರ ಕಿವಿ ಹಿಂಡು. ನಿನ್ನ ಎಂಟು ನೀ ಇಟ್ಕೊ," ಎಂದು ಫಕ್ಕೀರವ್ವ ಕಾಗದ ತಿರುಗಿ ಕೊಟ್ಟಳು.

ಮಾತಿಗೆ ತಪ್ಪಲಿಲ್ಲ. ಜರ್ಮನಿಯ ಆ ಊರಿನಲ್ಲಿ ಕೆಂಪು ದೀಪದ ಮುಂದೆ ಅವಳು ನಿಂತ ರೀತಿ ನೋಡಬೇಕಿತ್ತು. ಒಂದು ಮುಂಜಾನೆ ತನುಜಾಳೇ ಅವಸರದಲ್ಲಿ ಖಾಲಿ ರಸ್ತೆ ದಾಟಲು ಹೋದಾಗ ಅವಳ ಓಢಣಿ ಹಿಡಿದು ಹಿಂದೆ ಎಳೆದಳು. ಹತ್ತು ಗಂಟೆ ಎಂದರೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮ್ಯೂಸಿಯಂ ಬಾಗಿಲಲ್ಲಿರುತ್ತಿದ್ದಳು. ಕೈ ಕುಲುಕಲು ಬಂದವರಿಗೆ ಕೈ ಕೊಟ್ಟಳು, ಅವರು ಮಾಡಿದಂತೆಯೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಊಟ ಮಾತ್ರ ಕೈಯಿಂದಲೇ ಮಾಡಿದಳು. ಯಾರೂ ಏನೂ ಅನ್ನಲಿಲ್ಲ. ತನುಜಾಳ ಎಂಟು ನಿಯಮಗಳ ಗೊಡವೆ ಆ ಊರಿನಲ್ಲಿ ತನುಜಾಳ ಹೊರತು ಯಾರಿಗೂ ಇರಲಿಲ್ಲ.

ತಪ್ಪಾದದ್ದು ಒಂದೇ ಒಂದು ಸಲ. ಶನಿವಾರ ಮುಟ್ಟಿದ್ದರು, ಮೂರನೇ ಮಜಲೆಯ ಮನೆಯೊಂದರಲ್ಲಿ ಇಳಿದಿದ್ದರು. ಭಾನುವಾರ ಮುಂಜಾನೆ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು, ಬಾಲ್ಕನಿಯ ಕಟಾಂಜನದ ಮೇಲೆ ಹಾಕಿ, ಕೋಲಿನಿಂದ ಧಪಧಪ ಬಡಿಯತೊಡಗಿದಳು. ವಿಮಾನದ ಧೂಳು ಹೋಗಲೆಂದು. ಐದೇ ನಿಮಿಷಕ್ಕೆ ಬಾಗಿಲು ಬಡಿತ. ಕೆಳಗಿನ ಮನೆಯ ಮುದುಕಿ, ಎಪ್ಪತ್ತು ದಾಟಿದವಳು, ಬಿಳಿ ಕೂದಲು, ಸೊಂಟದ ಮೇಲೆ ಕೈ. ತೋರುಬೆರಳು ಆಡಿಸುತ್ತ ಬೈದೇ ಬೈದಳು. ಫಕ್ಕೀರವ್ವನ ರಟ್ಟೆ ಹಿಡಿದು ಮೆಟ್ಟಿಲ ಬಳಿ ಒಯ್ದು ಗೋಡೆಗೆ ಅಂಟಿಸಿದ ಕಾಗದ ತೋರಿಸಿದಳು. ತನುಜಾ ಫೋನಿನಲ್ಲಿ ಅದರ ಅರ್ಥ ನೋಡಿ ಹೇಳಿದಳು. ಭಾನುವಾರ ಹಾಸಿಗೆ ಬಡಿಯುವಂತಿಲ್ಲ, ಉಳಿದ ದಿನ ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಪ್ಪಳ ಮಾಡುವಂತಿಲ್ಲ.

ಫಕ್ಕೀರವ್ವ ಎರಡೂ ಕಿವಿ ಹಿಡಿದುಕೊಂಡಳು. "ತಪ್ಪಾತ್ರಿ ಯಕ್ಕಾರ. ತಿಳೀಲಿಲ್ಲ."

ಕಿವಿ ಹಿಡಿದದ್ದು ಮುದುಕಿಗೆ ಹೇಗೋ ಅರ್ಥವಾಯಿತು. ತಲೆ ಅಲ್ಲಾಡಿಸಿ ಇಳಿದುಹೋದಳು. ತನುಜಾ ಅವಮಾನದಿಂದ ಅಳುವಂತಾಗಿದ್ದಳು. ಫಕ್ಕೀರವ್ವನ ಮುಖದಲ್ಲಿ ಮಾತ್ರ ಖುಷಿ. "ಈಕಿ ನೋಡು ಮನಶಾಳು! ಬಾಯಿ ಮುಚ್ಚಿಕೊಂಡು ಒಳಗ ಕುಂತು ಬೈಕೋಳಿಲ್ಲ. ಬಂದು ಹೇಳಿದಳು." ಅವತ್ತಿನಿಂದ ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಾಡಿದಳು. ಮರುದಿನ ಒಂದು ಬಟ್ಟಲಲ್ಲಿ ನಾಲ್ಕು ಶೇಂಗಾ ಉಂಡಿ ಒಯ್ದು ಕೊಟ್ಟಳು. ಸಂಜೆ ಬಟ್ಟಲು ತಿರುಗಿ ಬಂತು, ಖಾಲಿ ಬರಲಿಲ್ಲ, ತುಂಬ ಸೇಬು ಇದ್ದವು. ಮುದುಕಿಯ ಹೆಸರು ಹೆಲ್ಗಾ ಎಂದು ಆಗ ತಿಳಿಯಿತು.

ಮ್ಯೂಸಿಯಂನವರು ಸೋಮವಾರ ಕೌದಿಯನ್ನು ಕೈಗವಸು ಹಾಕಿಕೊಂಡ ಕೈಯಿಂದ ಎತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದೊಡ್ಡ ಥಂಡಿ ಪೆಟ್ಟಿಗೆಯಲ್ಲಿಟ್ಟರು. ಹುಳಹುಪ್ಪಡಿ ಏನಾದರೂ ಇದ್ದರೆ ಸಾಯಲೆಂದು ಒಂದು ವಾರ ಹಾಗೆ ಇಡುವುದು ಅಲ್ಲಿಯ ಪದ್ಧತಿ ಎಂದು ಮಾರ್ಟಿನ್ ಅಂಜುತ್ತ ಹೇಳಿದ. ತನ್ನ ಕೌದಿಯಲ್ಲಿ ಹುಳವೇ ಎಂದು ಫಕ್ಕೀರವ್ವನಿಗೆ ಚುರುಕ್ ಎಂದಿತು. ಆದರೂ, "ಅವರ ಮನಿ, ಅವರ ರೀತಿ" ಎಂದು ಸುಮ್ಮನಾದಳು. ವಾರವಿಡೀ ಸಣ್ಣ ತುಂಡುಗಳ ಮೇಲೆ ಹೊಲಿಗೆ ತೋರಿಸಿದಳು. ಮುಂದಿನ ಮಂಗಳವಾರ ಕೌದಿಯನ್ನು ಹೊರತೆಗೆದು ಮೇಜಿನ ಮೇಲೆ ಹರಡಿದರು. ಗುರುವಾರ ಉದ್ಘಾಟನೆ. ಮ್ಯೂಸಿಯಂನ ಮುಖ್ಯಸ್ಥೆ ಬಂದು ನಿಂತರು. ಎತ್ತರದ ಆಳು, ಸೌಮ್ಯ ದನಿ.

ಫಕ್ಕೀರವ್ವ ದಬ್ಬಣಕ್ಕೆ ದಾರ ಪೋಣಿಸಿಕೊಂಡು ಕೇಳಿದಳು. "ಬಾಯಿ ಹೊಲೀಬೇಕ್ರಿ. ತುತ್ತು ಯಾರು ಇಡ್ತೀರಿ?"

ಮಾರ್ಟಿನ್ ಮುಖ ನೆಲ ನೋಡಿತು. ನಾಲ್ಕು ಪುಟ ಬರೆದುಕೊಂಡವನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ. ಅವನು ಮುಖ್ಯಸ್ಥೆಗೆ ವಿಷಯ ತಿಳಿಸಿದ. ಅವರು ಸಾವಧಾನವಾಗಿಯೇ ಉತ್ತರ ಕೊಟ್ಟರು. ಈ ಕಟ್ಟಡದೊಳಗೆ ತಿನ್ನುವ ಪದಾರ್ಥ ಒಂದು ಚೂರೂ ಬರುವಂತಿಲ್ಲ. ಉಗ್ರಾಣದಲ್ಲಿ ಮುನ್ನೂರು ವರ್ಷದ ಬಟ್ಟೆಗಳಿವೆ, ಒಂದು ಹುಳ ಹೊಕ್ಕರೆ ಎಲ್ಲ ಹೋಯಿತು.

"ಖರೇ ಮಾತು," ಎಂದಳು ಫಕ್ಕೀರವ್ವ. ನಲವತ್ತು ವರ್ಷ ಕಾಳು ಕೇರಿದವಳಿಗೆ ನುಸಿಯ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ. "ನಮ್ಮ ಬಜಾರದಾಗೂ ಹಂಗರಿ. ಒಂದು ಚೀಲಕ್ಕ ನುಸಿ ಬಿದ್ರ ಇಡೀ ಅಂಗಡಿ ಹಾಳು. ನಿಮ್ಮ ರೀತಿ ಸರಿ ಐತಿ. ಮತ್ತ ಇದನ್ನ ಹೊದಿಯೋರು ಯಾರು?"

ಯಾರೂ ಹೊದೆಯುವುದಿಲ್ಲ, ಗೋಡೆಯ ಮೇಲೆ ತೂಗುಹಾಕುತ್ತೇವೆ, ಪ್ರದರ್ಶನ ಮುಗಿದ ಮೇಲೆ ಉಗ್ರಾಣದಲ್ಲಿ ಭದ್ರವಾಗಿ ಇಡುತ್ತೇವೆ ಎಂದು ಮಾರ್ಟಿನ್ ಹೇಳಿದ.

"ಉಣಿಸೋರೂ ಇಲ್ಲ, ಹೊದಿಯೋರೂ ಇಲ್ಲ. ಹಂಗಾದ್ರ ಈ ಕೌದಿ ನಿಮ್ಮದಲ್ಲ ಬಿಡ್ರಿ. ಹಸದದ್ದನ್ನ ನಾ ಯಾರಿಗೂ ಕೊಟ್ಟಿಲ್ಲ."

ತನುಜಾ ಅವಳನ್ನು ಪಕ್ಕಕ್ಕೆ ಕರೆದೊಯ್ದಳು. "ಅವ್ವಾರ, ಕಾಲಿಗೆ ಬೀಳ್ತೇನ್ರಿ. ನೀವು ಒಲ್ಲೆ ಅಂದ್ರ ಮುಂದ ನಮ್ಮ ಕಡಿ ಹೆಣ್ಣಮಕ್ಕಳನ್ನ ಯಾರೂ ಕರಿಯೂದಿಲ್ಲ. ಹಾನಗಲ್ಲಿನವರು, ಸವಣೂರಿನವರು, ಎಷ್ಟು ಮಂದಿ ಕಾಯಾಕತ್ತಾರ. ಬಟ್ಟಿಲೇ ಒಂದು ಸಣ್ಣ ರೊಟ್ಟಿ ಮಾಡಿ ಒಳಗ ಇಡೂಣು. ಯಾರಿಗೆ ತಿಳೀತೈತಿ?"

"ಕೌದಿಗೆ ತಿಳೀತೈತಿ. ನನಗ ತಿಳೀತೈತಿ. ಬಟ್ಟಿ ತುತ್ತು ತಿನ್ನಸಾಕ ಇದು ಗೊಂಬಿ ಆಟ ಅಲ್ಲ ತನುಜಾ."

ಆದರೂ ತನುಜಾಳ ಮಾತು ಅವಳ ಎದೆಗೆ ನಾಟಿತ್ತು. ಮರಿಯಮಬಿ ಲಗ್ನದ ದುಪಟ್ಟಿ ಕತ್ತರಿಸುವಾಗ "ಮುಂದಿನ ಸಲ ನಾನೂ ಬರ್ತೇನಿ" ಎಂದು ನಕ್ಕಿದ್ದು ನೆನಪಾಯಿತು. ತನ್ನೊಬ್ಬಳ ಹಟಕ್ಕೆ ಅಷ್ಟು ಮಂದಿಯ ದಾರಿ ಮುಚ್ಚಬೇಕೇ? ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದಳು. ಬಾಯಿ ತೆರೆದಿಟ್ಟೇ ತೂಗುಹಾಕಿರಿ, ಪ್ರದರ್ಶನ ಮುಗಿಯುವವರೆಗೆ ನೋಡುವವರು ನೋಡಲಿ, ಆಮೇಲೆ ಕೌದಿ ನನಗೆ ತಿರುಗಿ ಬರಲಿ. ಮುಖ್ಯಸ್ಥೆಗೆ ಇದನ್ನು ಮುಟ್ಟಿಸುವ ಕೆಲಸ ತನುಜಾಳದಾಯಿತು. ತನುಜಾ ಹೋಗಿ ಬಂದು "ಆತ್ರಿ ಅವ್ವಾರ" ಎಂದಳು.

ಗುರುವಾರ ಮುಂಜಾನೆ ಹತ್ತಕ್ಕೆ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ಕೋಲಿಗೆ ತೂಗಿದ ಕೌದಿ, ಮೇಲೆ ದೀಪ, ಪಕ್ಕದಲ್ಲಿ ಹಿತ್ತಾಳೆಯ ಫಲಕ. ಫಲಕದ ಮೇಲೆ ಅವರ ಅಕ್ಷರದಲ್ಲೂ ಕನ್ನಡದಲ್ಲೂ ಅವಳ ಹೆಸರು, ಊರು. ಫಕ್ಕೀರವ್ವ ಹೆಸರನ್ನು ನೋಡಿ ಹಿಗ್ಗಿದಳು. ಆಮೇಲೆ ಕೌದಿಯ ಹತ್ತಿರ ಹೋದಳು. ಅವಳ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ಕೆಳಗಿನ ಬಲಮೂಲೆಯಲ್ಲಿ ಒಂದು ಗೇಣು ಉದ್ದ ಮಾತ್ರ ಉದ್ದುದ್ದ, ಸೊಟ್ಟ ಹೊಲಿಗೆ ಇತ್ತು. ಬಾಯಿ ಮುಚ್ಚಿತ್ತು. ಅವಳು ತನುಜಾಳ ಕಡೆ ನೋಡಿದಳು. ತನುಜಾ ಬೇರೆಲ್ಲೋ ನೋಡಿದಳು.

ಮುಖ್ಯಸ್ಥೆ ಎರಡು ಮಾತಾಡಿ, ಈಗ ಕಲಾವಿದೆ ಮಾತಾಡುತ್ತಾರೆ ಎಂದು ಮೈಕು ಕೊಟ್ಟರು. ಫಕ್ಕೀರವ್ವ ಸೆರಗು ಸರಿಪಡಿಸಿಕೊಂಡಳು. "ಎಲ್ಲಾರಿಗೂ ಶರಣ್ರಿ. ಈ ಕೌದಿ ಹಸದೈತಿ. ಹಸದದ್ದರ ಬಾಯಿ ಮುಚ್ಚಿ ಗೋಡಿಗೆ ಹಾಕ್ಯಾರ. ನನ್ನ ಕೇಳಿಲ್ಲ. ನನಗ ಭಾಳ ಸಿಟ್ಟು ಬಂದೈತಿ."

ತನುಜಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಜನ ನಗುಮುಖ ಮಾಡಿ ಜೋರಾಗಿ ಚಪ್ಪಾಳೆ ತಟ್ಟಿದರು.

ಫಕ್ಕೀರವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಬೈದದ್ದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಗೊತ್ತು. ಮೈಕನ್ನು ಮಾರ್ಟಿನ್ ಕಡೆ ಚಾಚಿದಳು. "ತಮ್ಮಾ, ನೀ ಹೇಳು. ನನ್ನ ಮನ್ಯಾಗ ಮೂರು ತಿಂಗಳು ಉಂಡೀದಿ. ನಾ ಅಂದದ್ದನ್ನ ಅಂದಂಗ ಹೇಳು."

ಮಾರ್ಟಿನ್ ಮೈಕು ಹಿಡಿದ. ಅವನ ಕಿವಿ ಏಳು ವರ್ಷದ ಹಿಂದಿನಂತೆಯೇ ಕೆಂಪಾದವು. ಆಮೇಲೆ ತನ್ನ ಭಾಷೆಯಲ್ಲಿ ಹೇಳಿದ. ತುತ್ತಿನ ಪದ್ಧತಿಯನ್ನೂ ಸೇರಿಸಿ, ತಾನು ಮುಂಚೆ ಹೇಳದಿದ್ದದ್ದು ತನ್ನ ತಪ್ಪೆಂಬುದನ್ನೂ ಸೇರಿಸಿ ಹೇಳಿದ. ಬಾಯಿ ತೆರೆದಿಡುವ ಒಪ್ಪಂದದ ವಿಷಯ ಮುಖ್ಯಸ್ಥೆಗೆ ಮುಟ್ಟಿಯೇ ಇರಲಿಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ನಿಮ್ಮ ಊರಿನ ರೀತಿ ಹದಿನಾಲ್ಕು ನನಗ ಹೇಳಿದ್ರಿ. ಹದಿನಾಲ್ಕೂ ಪಾಲಿಸೇನಿ. ತಿಳೀದ ಇನ್ನೊಂದು ತಪ್ಪಿದಾಗ ಕಿವಿ ಹಿಡಕೊಂಡೇನಿ," ಎಂದಳು ಫಕ್ಕೀರವ್ವ, ಮೈಕು ಇಲ್ಲದೆಯೇ. "ನಿಮ್ಮ ಮನ್ಯಾಗ ಅನ್ನ ತರಬ್ಯಾಡ ಅಂದ್ರಿ, ತರೂದಿಲ್ಲ. ಆದ್ರ ಕೌದಿ ಇನ್ನೂ ನಂದ ಐತಿ. ಅದರ ರೀತಿ ನಾ ನಡಸ್ಬೇಕು. ನಾ ಒಯ್ತೇನಿ."

ಮಾರ್ಟಿನ್ ಅದನ್ನೂ ಅಂದಂತೆಯೇ ಮುಖ್ಯಸ್ಥೆಗೆ ಹೇಳಿದ. ಕೌದಿ ಒಪ್ಪಿಸುವ ಕಾಗದಪತ್ರಕ್ಕೆ ಇನ್ನೂ ಸಹಿ ಆಗಿರಲಿಲ್ಲ, ತಡೆಯಲು ಅವರಿಗೆ ಅಧಿಕಾರವೂ ಇರಲಿಲ್ಲ. ಮಾರ್ಟಿನ್ ಏಣಿ ತಂದ. ಯಾರೂ ಅವನಿಗೆ ತರಲು ಹೇಳಿರಲಿಲ್ಲ. ಕೌದಿ ಇಳಿಯಿತು. ಫಕ್ಕೀರವ್ವ ಅದನ್ನು ಅಲ್ಲೇ ನೆಲದ ಮೇಲೆ ಹಾಸಿ, ಕುಳಿತು, ಆ ಸೊಟ್ಟ ಹೊಲಿಗೆಯನ್ನು ಒಂದೊಂದೇ ಬಿಚ್ಚಿದಳು. ಬಿಚ್ಚಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡು ನೂರು ಜನರ ನಡುವಿನಿಂದ ನಡೆದುಹೋದಳು.

ದಾರಿಯಲ್ಲಿ ತನುಜಾ ಹಿಂದೆಯೇ ಬಂದಳು, ಕೆಂಪು ದೀಪದಲ್ಲಿ ಜೊತೆಯಾದಳು. ಕಣ್ಣು ಊದಿದ್ದವು. "ಸಿಟ್ಟ ಏನ್ರಿ ಅವ್ವಾರ?"

"ಹೌದು. ಭಾಳ ಐತಿ. ಊರು ಮುಟ್ಟೂದ್ರಾಗ ಇಳೀತೈತಿ. ನೀ ಅಂಜಿ ಅದರ ಬಾಯಿ ಹೊಲದೀದಿ, ಕೆಟ್ಟಕ್ಕ ಮಾಡಿಲ್ಲ, ಅದು ಗೊತ್ತೈತಿ ನನಗ. ಆದ್ರ ನನ್ನ ಮಾತು ಮುಚ್ಚಿಟ್ಟು ನನ್ನ ಮರ್ಯಾದಿ ಉಳಸಾಕ ಹೋಗಬ್ಯಾಡ ಇನ್ನೊಮ್ಮಿ."

ದೀಪ ಹಸಿರಾಯಿತು. ಇಬ್ಬರೂ ದಾಟಿದರು.

ಮನೆ ಮುಟ್ಟಿದಾಗ ಒಂದೂವರೆ. ಫಕ್ಕೀರವ್ವ ಮೇಲೆ ಹೋಗಲಿಲ್ಲ. ಎರಡನೇ ಮಜಲೆಯಲ್ಲಿ ಹೆಲ್ಗಾಳ ಬಾಗಿಲ ಹೊರಗೆ ಮೆಟ್ಟಿಲ ಮೇಲೆ, ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮೂರು ಗಂಟೆಯವರೆಗೆ ಬಾಗಿಲು ಬಡಿಯುವಂತಿರಲಿಲ್ಲ. ಅವಳು ಬಡಿಯಲಿಲ್ಲ. ತನುಜಾ ಪಕ್ಕದಲ್ಲಿ ಕುಳಿತು ಗಡಿಯಾರ ನೋಡಿ ನೋಡಿ ಸುಸ್ತಾದಳು. ಮೂರು ಹೊಡೆದ ಮೇಲೆ ಫಕ್ಕೀರವ್ವ ಎದ್ದು ಬಾಗಿಲು ತಟ್ಟಿದಳು.

ಹೆಲ್ಗಾ ಬಾಗಿಲು ತೆರೆದು ಮೊದಲು ಅವಳ ಕಾಲು ನೋಡಿದಳು. ಚಪ್ಪಲಿ ಹೊರಗಿತ್ತು. ಫಕ್ಕೀರವ್ವ ಕೌದಿಯನ್ನು ಅರ್ಧ ಬಿಡಿಸಿ ಗೇಣು ಬಾಯಿ ತೋರಿಸಿದಳು. ಆಮೇಲೆ ಐದು ಬೆರಳು ಕೂಡಿಸಿ ತನ್ನ ಬಾಯಿಗೆ ಒಯ್ದಳು, ಅದೇ ಬೆರಳನ್ನು ಕೌದಿಯ ಬಾಯಿಗೆ ಇಟ್ಟಳು. ತನುಜಾ ವಿವರಿಸಲು ಫೋನು ತೆಗೆದಳು. ಹೆಲ್ಗಾ ಬೇಡವೆಂದು ಕೈ ಮಾಡಿದಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು, ಅಂಚು ಎಳೆದು ನೋಡಿದಳು, ಬಜಾರದಲ್ಲಿ ಕಾಳು ಕೊಳ್ಳುವವರು ನೋಡುವಂತೆ. ಆಮೇಲೆ ಅಡುಗೆಮನೆಗೆ ಹೋಗಿ, ತಾನೇ ಬೇಯಿಸಿದ, ಆ ದೇಶದ ಕಪ್ಪು ರೊಟ್ಟಿಯ ತುಂಡೊಂದನ್ನು ಮುರಿದು, ಮೇಲೆ ನಾಲ್ಕು ಹರಳು ಉಪ್ಪು ಉದುರಿಸಿ ತಂದಳು. ಕೌದಿಯ ಬಾಯಲ್ಲಿ ಆಳಕ್ಕೆ ಕೈ ಹಾಕಿ ಇಟ್ಟಳು.

ಫಕ್ಕೀರವ್ವನ ಕಣ್ಣು ತುಂಬಿದವು. ಈ ಊರಿಗೆ ಬಂದು ಹನ್ನೆರಡು ದಿನದಲ್ಲಿ ಅದೇ ಮೊದಲು. ಅಲ್ಲೇ ಹೆಲ್ಗಾಳ ನಡುಮನೆಯಲ್ಲಿ ಕುಳಿತು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ ಬಾಯಿ ಹೊಲಿದಳು. ಹೊಲಿದಾದ ಮೇಲೆ ಹೆಲ್ಗಾ ಅವಳನ್ನು ಕೈ ಹಿಡಿದು ಮೇಜಿಗೆ ಕೂರಿಸಿ ಅದೇ ಕಪ್ಪು ರೊಟ್ಟಿ, ಬೆಣ್ಣೆ, ಬಿಸಿ ಸೂಪು ಕೊಟ್ಟಳು. ಎರಡು ದಿನದಿಂದ ಸೇರದ ಊಟ ಅವತ್ತು ಸೇರಿತು. ಸೂಪಿಗೆ ಖಾರ ಕಡಿಮೆ ಎಂದು ಅವಳು ಸನ್ನೆ ಮಾಡಿ ಹೇಳಿದಳು, ಹೆಲ್ಗಾ ಸನ್ನೆ ಮಾಡಿಯೇ ಜಗಳ ತೆಗೆದಳು. ಕೌದಿ ಹೆಲ್ಗಾಳ ಮಂಚದ ಮೇಲೆ ಹಾಸಿತ್ತು.

ಶುಕ್ರವಾರ ಹೊರಡುವ ದಿನ. ವಿಮಾನಕ್ಕೆ ಇನ್ನೂ ಹೊತ್ತಿತ್ತು. ತನುಜಾ ಸೀದಾ ರೈಲ್ವೆ ನಿಲ್ದಾಣಕ್ಕೆ ಹೋಗೋಣ ಎಂದಳು, ಮ್ಯೂಸಿಯಂನವರ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಫಕ್ಕೀರವ್ವ ಒಪ್ಪಲಿಲ್ಲ. "ಕರದವರಿಗೆ ಹೇಳದ ಹೋಗೂದು ಯಾವ ಊರಿನ ರೀತಿ? ಜಗಳ ಆಡಿದ್ರೂ ಹೇಳಿ ಹೋಗಬೇಕು." ಹತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ನಿಂತಳು.

ಮುಖ್ಯಸ್ಥೆ ಮಾರ್ಟಿನ್ ಜೊತೆ ಅವಳನ್ನು ಸಭಾಂಗಣಕ್ಕೆ ಕರೆದೊಯ್ದರು. ಇತರ ದೇಶಗಳ ಹೊದಿಕೆಗಳ ನಡುವೆ ಒಂದು ಗೋಡೆ ಖಾಲಿ ಇತ್ತು. ಕೋಲು ಹಾಗೇ ಇತ್ತು, ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಹೆಸರಿನ ಫಲಕ. ನೋಡಲು ಬಂದ ನಾಲ್ಕೈದು ಮಂದಿ ಖಾಲಿ ಗೋಡೆಯನ್ನೇ ನೋಡುತ್ತ ನಿಂತಿದ್ದರು. ಮುಖ್ಯಸ್ಥೆ ಏನೋ ಕೇಳಿದರು. ದನಿ ಗಡುಸಾಗಿತ್ತು, ಒರಟಾಗಿರಲಿಲ್ಲ.

"ಫಲಕ ತಗೀಬೇಕೋ ಬ್ಯಾಡೋ ಅಂತ ಕೇಳಾಕತ್ತಾರ್ರಿ ಅವ್ವಾರ," ಎಂದ ಮಾರ್ಟಿನ್. "ನಿನ್ನಿಯಿಂದ ಬಂದವರೆಲ್ಲಾ ಇಲ್ಲಿದ್ದದ್ದು ಎಲ್ಲಿ ಹೋತು ಅಂತ ಕೇಳಾಕತ್ತಾರಂತ. ಏನ್ ಹೇಳಬೇಕು ಅವರಿಗೆ ತಿಳೀವಲ್ದು."

ಫಕ್ಕೀರವ್ವ ಫಲಕದ ಮೇಲಿನ ತನ್ನ ಹೆಸರಿನ ಧೂಳನ್ನು ಸೆರಗಿನಿಂದ ಒರೆಸಿದಳು. ಮುಖ್ಯಸ್ಥೆಯ ಕಣ್ಣಲ್ಲಿ ಕಣ್ಣಿಟ್ಟು ಕೈ ಕೊಟ್ಟಳು.

"ಇರಲಿ ಬಿಡ್ರಿ. ಕೇಳಿದವರಿಗೆ ಹೇಳ್ರಿ, ಕೌದಿ ಉಣ್ಣಾಕ ಹೋಗೈತಿ ಅಂತ."